‘ಸ್ಟೇಕ್‌ಹೋಲ್ಡರ್’ ಅಂದರೆ ‘ಮಧ್ಯಸ್ಥಗಾರ’ ಆಗುತ್ತದೆಯೇ?

ಗೆಳೆಯರೇ,

ಸುಸ್ಥಿರ ಅಭಿವೃದ್ಧಿ ಕುರಿತು ವಿಶ್ವಸಂಸ್ಥೆ ನಡೆಸಿದ 2002ರ ಜೋಹಾನ್ಸ್‌ಬರ್ಗ್ ಶೃಂಗಸಭೆಗೆ ದೇಶಗಳು ತಂತಮ್ಮ ನೆಲದಲ್ಲಿ ಹೇಗೆ ತಯಾರಾದವು ಅನ್ನುವ ಬಗ್ಗೆ ಕಾಲೇಜು ಮಕ್ಕಳಿಗೊಂದು ಪಾಠ ಬರೆಯುತ್ತಿದ್ದೇನೆ. ‘ಸುಸ್ಥಿರ ಅಭಿವೃದ್ಧಿ’ ಅನ್ನುವ ಪದ ಪತ್ರಿಕೆಗಳಲ್ಲಿ ಚೆನ್ನಾಗಿ ಬೇರೂರಿದೆ, ಅದನ್ನು ಮುಟ್ಟುವುದಿಲ್ಲ. ನ್ಯೂಯಾರ್ಕಿನಲ್ಲಿ ಮೂರು ಸಲ, ಕೊನೆಗೆ ಬಾಲಿಯಲ್ಲಿ ಒಂದು ಸಲ ಸೇರಿದ ‘ಪ್ರೆಪ್‌ಕಾಮ್’ಗೆ ‘ಸಿದ್ಧತಾ ಸಮಿತಿ’ ಸಾಕು. ನಾನು ಸಿಕ್ಕಿಹಾಕಿಕೊಂಡಿರುವುದು ‘ಸ್ಟೇಕ್‌ಹೋಲ್ಡರ್’ ಹತ್ತಿರ, ಅಂದರೆ ಒಂದು ತೀರ್ಮಾನದ ಲಾಭ ನಷ್ಟ ಯಾರಿಗೆ ತಟ್ಟುತ್ತದೋ ಅವರು.

ಈ ಪದ ಇಲ್ಲದೆ ಪಾಠ ಮುಂದೆ ಹೋಗುವುದಿಲ್ಲ. 1992ರಲ್ಲಿ ರಿಯೊ ಶೃಂಗಸಭೆಯಲ್ಲಿ ದೇಶಗಳು ಒಪ್ಪಿಕೊಂಡ ಕ್ರಿಯಾಯೋಜನೆ ‘ಅಜೆಂಡಾ 21’ರಲ್ಲಿ 40 ಅಧ್ಯಾಯಗಳಿವೆ. ಹತ್ತು ವರ್ಷದಲ್ಲಿ ಅದರಲ್ಲಿ ಏನಾಯಿತು, ಏನು ಹಾಗೇ ಉಳಿಯಿತು ಅಂತ ಲೆಕ್ಕ ಹಾಕಿ ವರದಿ ಬರೆಯುವುದೇ ದೇಶದೊಳಗಿನ ತಯಾರಿಯ ದೊಡ್ಡ ಕೆಲಸ. ಅಧಿಕಾರಿಗಳೇ ಕೂತು ಬರೆದರೆ ಅದು ಅರ್ಧ ಲೆಕ್ಕ. ಅದೇ ಅಜೆಂಡಾ ಒಂಬತ್ತು ಗುಂಪುಗಳನ್ನು ಹೆಸರಿಸುತ್ತದೆ: ಹೆಂಗಸರು, ಮಕ್ಕಳು ಮತ್ತು ಯುವಜನ, ಮೂಲನಿವಾಸಿಗಳು, ಸ್ವಯಂಸೇವಾ ಸಂಸ್ಥೆಗಳು, ಸ್ಥಳೀಯ ಆಡಳಿತಗಳು, ಕಾರ್ಮಿಕರು, ಉದ್ಯಮದವರು, ವಿಜ್ಞಾನಿಗಳು, ರೈತರು. ಇವರನ್ನು ಕರೆದು ಕೂರಿಸಿ ಕೇಳಬೇಕು. ಹೀಗೆ ಕರೆಸಿಕೊಳ್ಳುವವರಿಗೆ ಕನ್ನಡದಲ್ಲಿ ಏನನ್ನೋಣ?

ಈಚೆಗೆ ಎಲ್ಲಿ ನೋಡಿದರೂ ‘ಮಧ್ಯಸ್ಥಗಾರರು’. ನನಗೆ ಇದು ತಪ್ಪು ಅನ್ನಿಸುತ್ತದೆ. ಮಧ್ಯಸ್ಥಿಕೆ ಅಂದರೆ ಇಬ್ಬರ ಜಗಳದ ನಡುವೆ ನಿಂತು ರಾಜಿ ಮಾಡಿಸುವುದು. ಜಗಳ ಆಸ್ತಿಯದಾದರೆ ಮಧ್ಯಸ್ಥನಿಗೆ ಅದರಲ್ಲಿ ಪಾಲು ಏನೂ ಇಲ್ಲ, ಇರಲೂ ಬಾರದು. ಸ್ಟೇಕ್‌ಹೋಲ್ಡರ್‌ಗೆ ಇರುವುದೇ ಅದು! ಅರ್ಥ ಪೂರ್ತಿ ತಿರುಗುಮುರುಗಾಯಿತು ಅಲ್ವಾ?

‘ಪಾಲುದಾರರು’ ವಾಸಿ. ಆದರೆ ಕಿವಿಗೆ ಅಂಗಡಿ, ಬಂಡವಾಳ, ಲಾಭದ ಹಂಚಿಕೆಯೇ ಕೇಳುತ್ತದೆ. ಗಣಿ ಪಕ್ಕದ ಊರಿನವರು ಗಣಿಯ ಪಾಲುದಾರರಲ್ಲ, ಅವರ ಪಾಲಿಗೆ ಬರುವುದು ದೂಳು. ‘ಹಿತಾಸಕ್ತರು’ ಅಂದರೆ ‘ಪಟ್ಟಭದ್ರ ಹಿತಾಸಕ್ತಿ’ ನೆನಪಾಗಿ ಒಳ್ಳೆಯವರೂ ಸ್ವಾರ್ಥಿಗಳಂತೆ ಕಾಣುತ್ತಾರೆ. ‘ಸಂಬಂಧಪಟ್ಟವರು’ ಎಲ್ಲರಿಗೂ ಅರ್ಥವಾಗುತ್ತದೆ, ಸದ್ಯಕ್ಕೆ ಅದನ್ನೇ ಬರೆದಿದ್ದೇನೆ. ಆದರೆ ‘ಸಂಬಂಧಪಟ್ಟ ಅಧಿಕಾರಿ’ ಅನ್ನುವ ಬಳಕೆಯಿಂದಾಗಿ ಅದೂ ಕಚೇರಿಯ ಕಡೆಗೇ ವಾಲುತ್ತದೆ.

ನನ್ನ ಮನಸ್ಸಿನಲ್ಲಿರುವ ಮಾದರಿ ಪದ ‘ಅಚ್ಚುಕಟ್ಟುದಾರರು’. ನಮ್ಮೂರಲ್ಲಿ ಕೆರೆ ತೂಬು ಎತ್ತುವ ಮುಂಚೆ ಸಭೆ ಸೇರಿದರೆ ಕರೆ ಹೋಗುತ್ತಿದ್ದುದು ಇವರಿಗೆ. ಕೆರೆ ಕೆಳಗೆ ಹತ್ತು ಗುಂಟೆ ಗದ್ದೆ ಇದ್ದವನೂ ಅಚ್ಚುಕಟ್ಟುದಾರನೇ. ನೀರು ಬಂದರೆ ಬೆಳೆ, ಬಾರದಿದ್ದರೆ ನಷ್ಟ, ಅದಕ್ಕೇ ಅವನಿಗೆ ಮಾತಾಡುವ ಹಕ್ಕು. ಲಾಭ, ನಷ್ಟ, ಹಕ್ಕು ಮೂರೂ ಒಂದೇ ಪದದಲ್ಲಿ ಕೂತಿವೆ. ಆದರೆ ಇದು ಕೆರೆ ಕಾಲುವೆಯ ಪದ. ಗಾಳಿಗೆ, ಕಾಡಿಗೆ, ಸಮುದ್ರಕ್ಕೆ ಹೊಂದುವುದಿಲ್ಲ. ಗದ್ದೆ ಇಲ್ಲದೆ ಅದೇ ಕೆರೆಯಲ್ಲಿ ಬಟ್ಟೆ ಒಗೆಯುವವರನ್ನು, ಮೀನು ಹಿಡಿಯುವವರನ್ನು ಹೊರಗೂ ಇಡುತ್ತದೆ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಉತ್ತರ ಕರ್ನಾಟಕದಲ್ಲಿ ಇಂಥ ಅರ್ಥಕ್ಕೆ ಬಾಯಿಮಾತಿನಲ್ಲಿ ಬೇರೆ ಪದ ಇದೆಯೇ? ಹಳೇ ಮೈಸೂರಿನ ಕಡೆ ಕೇಳುವ ‘ಬಾಧ್ಯಸ್ಥರು’ ಇಲ್ಲಿಗೆ ಹೊಂದೀತೇ, ಅಥವಾ ಅದು ಬರೀ ಆಸ್ತಿಯ ವಾರಸುದಾರಿಕೆಗೆ ಸೀಮಿತವೇ? ಬಳಕೆಯ ಒಂದೆರಡು ವಾಕ್ಯ ಕೊಟ್ಟರೆ ತುಂಬಾ ಉಪಕಾರ.