ಶನೆಲ್ ನಂ. 5ರಲ್ಲಿ ಮಲ್ಲಿಗೆ ಎಲ್ಲಿದೆ? ಮೊದಲು ಸಾಬೂನಿನ ವಾಸನೆ ಯಾಕೆ?

ಜಾಜಿಬಳ್ಳಿ (ಪ್ರಶ್ನೆ):
ಶನೆಲ್ ನಂ. 5 ಸುಗಂಧದ ಬಗ್ಗೆ ಎಲ್ಲಿ ಓದಿದರೂ ಮಲ್ಲಿಗೆ, ಗುಲಾಬಿ ಅಂತಲೇ ಇರುತ್ತೆ. ಅದರ ತೆಳು ರೂಪವಾದ ಓ ದ ಟ್ವಾಲೆಟ್ ಅನ್ನು ಅಂಗಡಿಯ ಕಾಗದದ ಪಟ್ಟಿ ಮೇಲೆ ಹೊಡೆದು ಮೂಸಿದರೆ ಮೊದಲ ಹತ್ತು ನಿಮಿಷ ಆಗಷ್ಟೇ ಇಸ್ತ್ರಿ ಹಾಕಿದ ಹತ್ತಿ ಬಟ್ಟೆ, ಆರಿಸಿದ ಮೇಣದಬತ್ತಿ, ಒಳ್ಳೆ ಸಾಬೂನು, ಈ ಮೂರೂ ಸೇರಿದ ಹಾಗೆ ಬರುತ್ತೆ. ಮೈಸೂರು ಮಲ್ಲಿಗೆಯ ಸುಳಿವೇ ಇಲ್ಲ. ಹಳೇ ಸ್ಟಾಕಾ, ಇಲ್ಲಾ ಅದು ಇರೋದೇ ಹೀಗಾ? ಅಮ್ಮನಿಗೆ ಉಡುಗೊರೆ ಕೊಡೋದಕ್ಕೆ, ಹೂವಿನ ಪರಿಮಳವೇ ಮುಂದಿರಬೇಕು. ಓ ದ ಟ್ವಾಲೆಟ್, ಓ ದ ಪರ್ಫ್ಯೂಮ್, ಬರೀ ಪರ್ಫ್ಯೂಮ್, ಲೋ: ನಂ. 5ರ ಈ ನಾಲ್ಕು ರೂಪಗಳಲ್ಲಿ ಯಾವುದು ತಗೊಳ್ಳಲಿ? ರೇಷ್ಮೆ ಸೀರೆಗೆ ಕಲೆ ಆಗುತ್ತಾ?

ಘಮಲು:
ಹಳೇ ಸ್ಟಾಕ್ ಅಲ್ಲ. ನೀವು ಹೇಳಿದ ಮೂರೂ ಆಲ್ಡಿಹೈಡ್ ಅನ್ನೋ ಪರಿಮಳದ ರಾಸಾಯನಿಕಗಳ ವಾಸನೆ, ಮೂಗು ಸರಿಯಾಗಿಯೇ ಹಿಡಿದಿದೆ. 1921ರಲ್ಲಿ ಅರ್ನೆಸ್ಟ್ ಬೋ ಈ ಪರಿಮಳ ಕಟ್ಟಿದಾಗ ಸಿ-10, ಸಿ-11, ಸಿ-12 ಅನ್ನೋ ಆಲ್ಡಿಹೈಡ್‌ಗಳನ್ನು ಸೇರಿಸಿದರು. ಆ ಸಂಖ್ಯೆ ಅಂದರೆ ಅಣುವಿನಲ್ಲಿರೋ ಇಂಗಾಲದ ಲೆಕ್ಕ. ಆಲ್ಡಿಹೈಡ್ ಬಳಸಿದವರಲ್ಲಿ ಅವರು ಮೊದಲಿಗರಲ್ಲ, ಆದರೆ ಅದನ್ನು ಇಷ್ಟು ಧೈರ್ಯವಾಗಿ ಮುಂದೆ ನಿಲ್ಲಿಸಿದ್ದು ಇಲ್ಲಿ.

ಯಾಕೆ ಬೇಕಿತ್ತು ಅಂದರೆ, ಮಲ್ಲಿಗೆ ಆಬ್ಸಲ್ಯೂಟ್, ಅಂದರೆ ಹೂವಿನ ಗಾಢ ಸಾರ, ಜೇನಿನ ಹಾಗೆ ಭಾರ. ಅದೊಂದನ್ನೇ ಜಾಸ್ತಿ ಹಾಕಿದರೆ ಮೈಗೆ ಅಂಟಿಕೊಂಡು ಕೂರುತ್ತೆ, ಗಾಳಿಗೆ ಏಳೋದಿಲ್ಲ. ಆಲ್ಡಿಹೈಡ್ ಅದನ್ನು ಮೇಲಕ್ಕೆತ್ತಿ ಹರಡುತ್ತೆ.

ಸಾಬೂನು ನೆನಪಾಗೋದಕ್ಕೂ ಕಾರಣ ಇದೆ. ನಂ. 5 ಗೆದ್ದ ಮೇಲೆ ಸಾಬೂನು, ಪೌಡರ್ ಮಾಡುವವರು ದಶಕಗಟ್ಟಲೆ ಇದೇ ಆಲ್ಡಿಹೈಡ್-ಹೂವಿನ ಜೋಡಿಯನ್ನು ಎತ್ತಿಕೊಂಡರು. ನಮಗೆ ಮೊದಲು ಪರಿಚಯ ಆಗಿದ್ದು ಬಚ್ಚಲುಮನೆಯಲ್ಲಿ, ಹಾಗಾಗಿ ಮೂಗು ಮೊದಲು ಅಲ್ಲಿಗೇ ಹೋಗುತ್ತೆ.

ಹತ್ತು ನಿಮಿಷಕ್ಕೆ ತೀರ್ಪು ಕೊಡಬೇಡಿ. ಮೊದಲ ಕಾಲು ಗಂಟೆ ಆಲ್ಡಿಹೈಡ್, ನಿಂಬೆ ಜಾತಿಯ ಬರ್ಗಮಾಟ್, ಕಿತ್ತಳೆ ಹೂವಿನ ನೆರೋಲಿ. ಅರ್ಧ ಗಂಟೆಯ ಹೊತ್ತಿಗೆ ಮಲ್ಲಿಗೆ, ಗುಲಾಬಿ, ಇಲಾಂಗ್ ಇಲಾಂಗ್ ಹೂಗಳು ಒಂದರೊಳಗೊಂದು ಬೆರೆತು ಬರುತ್ತವೆ. ಮೂರ್ನಾಲ್ಕು ಗಂಟೆಯ ಮೇಲೆ ಗಂಧ, ಲಾವಂಚ, ವೆನಿಲ್ಲಾ, ಮಸ್ಕ್ ಉಳಿಯುತ್ತೆ. ಒಂದು ಸಲ ಮಣಿಕಟ್ಟಿನ ಮೇಲೆ ಹೊಡೆದುಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಊಟ ಮುಗಿಸಿ ಮತ್ತೆ ಮೂಸಿ ನೋಡಿ.

ಮೊಗ್ಗಿನಮಾಲೆ:
ಘಮಲು ಅವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ನಿಮಗೆ ಮೈಸೂರು ಮಲ್ಲಿಗೆ ಸಿಗದಿರೋದಕ್ಕೆ ಆಲ್ಡಿಹೈಡ್ ಒಂದೇ ಕಾರಣ ಅಲ್ಲ, ಹೂವೇ ಬೇರೆ. ನಾವು ಮುಡಿಯೋ ದುಂಡು ಮಲ್ಲಿಗೆ ಸಾಂಬಾಕ್ ಜಾತಿ. ನಂ. 5ರ ಹೃದಯದಲ್ಲಿರೋದು ಗ್ರಾಂಡಿಫ್ಲೋರಮ್, ಅಂದರೆ ನಮ್ಮ ಜಾಜಿ. ಸಾಂಬಾಕ್‌ನಲ್ಲಿ ಹಸಿರು, ಸ್ವಲ್ಪ ಕಿತ್ತಳೆ ಹೂವಿನ ಛಾಯೆ ಇರುತ್ತೆ, ತಾಜಾತನ ಜಾಸ್ತಿ. ಜಾಜಿ ಬೆಚ್ಚಗೆ, ಮಾಗಿದ ಹಣ್ಣಿನ ಹಾಗೆ. ಎರಡರಲ್ಲೂ ಇಂಡೋಲ್ ಅನ್ನೋ ಅಂಶ ಇದೆ. ಅದನ್ನು ಬಿಡಿಯಾಗಿ, ಗಾಢವಾಗಿ ಮೂಸಿದರೆ ನುಸಿಗುಳಿಗೆ. ಕಡಿಮೆ ಇದ್ದರೆ ಹೂವಿಗೆ ಜೀವ. ರಾತ್ರಿ ಮುಡಿದ ದಂಡೆಯನ್ನು ಬೆಳಿಗ್ಗೆ ತೆಗೆಯುವಾಗ ಕಂದಿದ ಎಸಳಿನಿಂದ ಬರೋ ಭಾರವಾದ ವಾಸನೆ ನೆನಪಿಸಿಕೊಳ್ಳಿ, ಇಂಡೋಲ್ ಅಂದರೆ ಏನು ಅಂತ ಗೊತ್ತಾಗುತ್ತೆ.

ಕೊಯ್ಲೂ ಬೇರೆ. ಸಾಂಬಾಕ್ ಅನ್ನು ಮೊಗ್ಗಿನಲ್ಲೇ ಬಿಡಿಸಿ, ರಾತ್ರಿ ಅರಳಿದ ಮೇಲೆ ಸಾರ ತೆಗೀತಾರೆ. ಫ್ರಾನ್ಸಿನ ಗ್ರಾಸ್ ಸುತ್ತಮುತ್ತ ಜಾಜಿಯನ್ನು ಅರಳಿದ ಹೂವಾಗಿಯೇ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆಳಗಿನ ಜಾವ ಬಿಡಿಸುತ್ತಾರೆ. ಬಿಸಿಲೇರಿದರೆ ಪರಿಮಳ ಹಾರಿಹೋಗುತ್ತೆ. ಒಂದು ಕಿಲೋ ತೂಗೋದಕ್ಕೆ ಸುಮಾರು 8,000 ಹೂ ಬೇಕು. ಹೂವನ್ನು ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ತೊಳೆದರೆ ಮೇಣದಂಥ ಕಾಂಕ್ರೀಟ್, ಅದನ್ನು ಆಲ್ಕೋಹಾಲ್‌ನಲ್ಲಿ ತೊಳೆದು ಮೇಣ ಬೇರ್ಪಡಿಸಿದರೆ ಆಬ್ಸಲ್ಯೂಟ್. ಗುಲಾಬಿ ಸೆಂಟಿಫೋಲಿಯಾ, ಮೇ ತಿಂಗಳು ಮಾತ್ರ. ಗ್ರಾಸ್ ಪಕ್ಕದ ಪೆಗೊಮಾದಲ್ಲಿ ಮ್ಯೂಲ್ ಕುಟುಂಬ 1987ರಿಂದ ಶನೆಲ್‌ಗಾಗಿ ಈ ಹೂಗಳನ್ನು ಬೆಳೀತಿದೆ. 30 ಮಿಲಿ ಪರ್ಫ್ಯೂಮ್ ಸೀಸೆಗೆ ಒಂದು ಸಾವಿರ ಜಾಜಿ, ಹನ್ನೆರಡು ಗುಲಾಬಿ ಅನ್ನೋದು ಶನೆಲ್ ಹೇಳೋ ಲೆಕ್ಕ.

ಬಿರಡೆ:
ಯಾವುದು ತಗೋಬೇಕು ಅನ್ನೋದಕ್ಕೆ ಬರ್ತೀನಿ. ಹೂವೇ ಮುಂದಿರಬೇಕು ಅಂದರೆ ಬರೀ ಪರ್ಫ್ಯೂಮ್, ಸಣ್ಣ 7.5 ಮಿಲಿ ಆದರೂ ಸಾಕು. ಅದರಲ್ಲಿ ಆಲ್ಡಿಹೈಡ್ ಮೆತ್ತಗೆ, ಜಾಜಿ ಎದ್ದು ಕಾಣುತ್ತೆ. ಓ ದ ಟ್ವಾಲೆಟ್‌ನಲ್ಲಿ ಆಲ್ಡಿಹೈಡ್ ಹೆಚ್ಚು ಚುರುಕು, ನಿಮಗೆ ತೊಂದರೆ ಕೊಟ್ಟಿದ್ದು ಅದೇ. ಓ ದ ಪರ್ಫ್ಯೂಮ್ 1986ರಲ್ಲಿ ಜಾಕ್ ಪೋಲ್ಜ್ ಮಾಡಿದ್ದು, ದುಂಡಗಿದೆ, ವೆನಿಲ್ಲಾ ಕಡೆ ವಾಲುತ್ತೆ. ಲೋ 2016ರದ್ದು, ಅವರ ಮಗ ಒಲಿವಿಯೆ ಪೋಲ್ಜ್ ಮಾಡಿದ್ದು. ನಿಂಬೆಯ ಬಳಗ ಜಾಸ್ತಿ, ಹಗುರ. ಅಮ್ಮನಿಗೆ ನಾನಂತೂ ಪರ್ಫ್ಯೂಮ್ ಅಂತಲೇ ಹೇಳ್ತೀನಿ.

ಅದರ ಸೀಸೆಗೆ ಸ್ಪ್ರೇ ಇರೋದಿಲ್ಲ, ಗಾಜಿನ ಬಿರಡೆ. ಕತ್ತಿನ ಮೇಲೆ ತೆಳು ಪೊರೆ ಬಿಗಿದು ಕಪ್ಪು ಹತ್ತಿ ದಾರ ಸುತ್ತಿರ್ತಾರೆ. ದಾರವನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ಪೊರೆ ಬಿಚ್ಚಿ. ಸೀಸೆಯನ್ನು ನೆಟ್ಟಗೆ ಹಿಡಿದು ಬಿರಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವುತ್ತಾ ಎತ್ತಿ. ಬಿಡದಿದ್ದರೆ ಬೆಚ್ಚನೆ ಒದ್ದೆ ಬಟ್ಟೆಯನ್ನು ಕತ್ತಿಗೆ ಒಂದು ನಿಮಿಷ ಸುತ್ತಿ ಮತ್ತೆ ತಿರುವಿ. ಚಾಕು ತೂರಿಸಿದರೆ ಅಂಚು ಚಿಪ್ಪೇಳುತ್ತೆ. ಆಮೇಲೆ ಮುಚ್ಚಳ ಸರಿಯಾಗಿ ಕೂರದೆ ಆಲ್ಕೋಹಾಲ್ ಆವಿಯಾಗುತ್ತಾ ಹೋಗುತ್ತೆ. ಬಿರಡೆಯ ತುದಿಯನ್ನು ಮೈಗೆ ತಾಗಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಯೇ ಮುಚ್ಚಿ, ಇಲ್ಲದಿದ್ದರೆ ಮೈಯೆಣ್ಣೆ ಒಳಗೆ ಹೋಗಿ ಮೇಲಿನ ಪರಿಮಳ ಮಂಕಾಗುತ್ತೆ.

ಸೀರೆ ವಿಷಯ: ಪರ್ಫ್ಯೂಮ್‌ನ ಬಣ್ಣ ಹಳದಿ, ರೇಷ್ಮೆ ಮೇಲೆ ಬಿದ್ದರೆ ಕಲೆ ಗ್ಯಾರಂಟಿ. ಜರಿಯ ಹತ್ತಿರಕ್ಕೂ ಬೇಡ. ಉಡೋ ಮುಂಚೆ ಕಿವಿಯ ಹಿಂದೆ, ಮೊಣಕೈ ಒಳಮಡಿಕೆಗೆ ಒಂದೊಂದು ಚುಕ್ಕಿ ಹಚ್ಚಿ, ಐದು ನಿಮಿಷ ಒಣಗಲು ಬಿಡಿ. ಮುತ್ತಿನ ಸರ ಅದಾದ ಮೇಲೆ, ಆಲ್ಕೋಹಾಲ್ ತಾಗಿದರೆ ಮುತ್ತಿನ ಹೊಳಪು ಹೋಗುತ್ತೆ.

ಜಾಜಿಬಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಣಿಕಟ್ಟು ಮಣಿಕಟ್ಟು ಉಜ್ಜಿದರೆ ಅಣುಗಳು ಒಡೆಯುತ್ತವೆ ಅಂತಾರೆ, ನಿಜವಾ? ಬೇಸಿಗೆಯಲ್ಲಿ ಫ್ರಿಜ್‌ನಲ್ಲಿ ಇಡಬಹುದಾ?

ಘಮಲು:
ಅಣು ಒಡೆಯೋದಿಲ್ಲ, ಅದು ಬರೀ ಮಾತು. ಉಜ್ಜಿದರೆ ಚರ್ಮ ಬಿಸಿಯಾಗಿ ಬರ್ಗಮಾಟ್, ನೆರೋಲಿ ಬೇಗ ಹಾರುತ್ತವೆ, ಅರ್ಧ ಪರಿಮಳ ಇನ್ನೊಂದು ಕೈಗೆ ಅಂಟುತ್ತೆ. ಹಚ್ಚಿ ಸುಮ್ಮನೆ ಬಿಡಿ.

ಫ್ರಿಜ್ ಬೇಕಿಲ್ಲ. ಡಬ್ಬಿಯೊಳಗೇ ಇಟ್ಟು, ಕತ್ತಲಿರೋ ಬೀರುವಿನಲ್ಲಿಡಿ. ಕಿಟಕಿ ಪಕ್ಕ, ಬಚ್ಚಲುಮನೆ, ಕಾರು ಮೂರೂ ಬೇಡ. ಕೆಡೋದು ಮೊದಲು ಮೇಲಿನ ಭಾಗ: ಬರ್ಗಮಾಟ್ ಹುಳಿಯಾಗಿ ಹೊಡೆಯುತ್ತೆ, ಬಣ್ಣ ಕಂದಾಗುತ್ತೆ. ಅರ್ಧ ಗಂಟೆ ಕಾದ ಮೇಲೂ ಹುಳಿ ಹೋಗದಿದ್ದರೆ ಸೀಸೆ ಕೆಟ್ಟಿದೆ. ಹುಳಿ ಹೋಗಿ ಹೂವು ಬಂದರೆ ಇನ್ನೂ ಬಳಸಬಹುದು.

ಮೊಗ್ಗಿನಮಾಲೆ:
ಒಂದು ಮರೆತಿದ್ದೆ. ಅಮ್ಮ ಮಲ್ಲಿಗೆ ಮುಡಿಯೋ ದಿನ ನಂ. 5 ಹಚ್ಚೋದು ಬೇಡ. ತಲೆಯಲ್ಲಿರೋ ತಾಜಾ ಹೂವಿನ ಮುಂದೆ ಸೀಸೆಯ ಜಾಜಿ ಪೂರ್ತಿ ಮುಚ್ಚಿಹೋಗಿ, ಮೂಗಿಗೆ ಆಲ್ಡಿಹೈಡ್ ಮತ್ತು ಮಸ್ಕ್ ಮಾತ್ರ ಸಿಗುತ್ತೆ. ಆಗ ಮತ್ತೆ ಸಾಬೂನಿನ ವಾಸನೆ ಅಂತಲೇ ಅನ್ನಿಸುತ್ತೆ.