ಸಹಾಯ ಬೇಕು: ಬೀಫ್ ಪಾಸ್ತಾ ತಳ ಹಿಡಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಉಪ್ಪಳದವರು. ಒಂದೇ ಪಾತ್ರೆಯಲ್ಲಿ ಮಾಡುವ ಬೀಫ್ ಪಾಸ್ತಾ ಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಪಾಸ್ತಾ ಹತ್ತು ಹನ್ನೆರಡು ನಿಮಿಷದಲ್ಲಿ ಬೇಯುತ್ತದೆ, ಮಾಂಸಕ್ಕೆ ಅದು ಯಾವ ಮೂಲೆಗೂ ಸಾಲದು. ಹಾಗಾಗಿ ನೀರುಳ್ಳಿ, ಟೊಮೆಟೊ, ಕಾಳುಮೆಣಸಿನೊಂದಿಗೆ ಮಾಂಸವನ್ನು ಮೊದಲೇ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ತೊಂದರೆಯಿಲ್ಲ, ರಸದ ರುಚಿಯಂತೂ ಬಹಳ ಚೆನ್ನಾಗಿರುತ್ತದೆ.

ಪಾಸ್ತಾ ಹಾಕಿದ ಮೇಲೆಯೇ ಕಷ್ಟ. ಅದರ ಹಿಟ್ಟು ಬಿಟ್ಟುಕೊಂಡು ರಸ ಗಂಜಿಯಂತೆ ದಪ್ಪವಾಗಿ ತಳ ಹಿಡಿಯುತ್ತದೆ; ಮೇಲಿನ ತುಂಡುಗಳ ನಡು ಮಾತ್ರ ಬಿಳಿಯಾಗಿ, ಗಟ್ಟಿಯಾಗಿಯೇ ಉಳಿಯುತ್ತದೆ. ನೀರು ಹೆಚ್ಚಿಸಿದರೆ ಸಪ್ಪೆ, ಉರಿ ತಗ್ಗಿಸಿದರೆ ಮುದ್ದೆ. ದಯವಿಟ್ಟು ಬೇರೆಯಾಗಿ ಬೇಯಿಸಿ ಸೇರಿಸಿ ಎನ್ನಬೇಡಿ, ಮಾಂಸದ ರಸ ಪಾಸ್ತಾದ ಒಳಗೆ ಇಳಿಯುವುದೇ ಈ ಅಡುಗೆಯ ಜೀವ.

ಅನುಭವವಿದ್ದವರು ತಿಳಿಸಿ: 250 ಗ್ರಾಂ ಪಾಸ್ತಾಕ್ಕೆ ಎಷ್ಟು ಲೋಟ ರಸ ಇರಬೇಕು? ಹಾಕಿದ ಮೇಲೆ ಮುಚ್ಚಳ ಮುಚ್ಚಬೇಕೇ, ತೆರೆದಿಟ್ಟು ಕೈಯಾಡಿಸುತ್ತಿರಬೇಕೇ?