ಬೋರ್ಡ್ ಬದಲಿಸಿದ ಮೇಲೆ ಮೌಸ್ ಸತ್ತಿದೆ, ಬಯೋಸ್‌ನಲ್ಲಿ ಮಾತ್ರ ಓಡುತ್ತದೆ

ಡಿಟಿಪಿ ಅಂಗಡಿ:
ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಇಂಥ ಕೆಲಸ. ಹೋದ ವಾರ ಸಂಜೆ ಗುಡುಗು ಶುರುವಾಯಿತು. ಪ್ಲಗ್ ಕೀಳೋಣ ಎಂದು ಏಳುವಷ್ಟರಲ್ಲಿ ಸಿಡಿಲು ಹೊಡೆಯಿತು. ಯುಪಿಎಸ್ ಉಳಿಯಿತು, ಮದರ್‌ಬೋರ್ಡ್ ಹೋಯಿತು.

ಹಳೆಯದು ಎಚ್61 ಬೋರ್ಡ್. ರಿಪೇರಿಯವರು ಸೆಕೆಂಡ್ ಹ್ಯಾಂಡ್ ಎಚ್110 ಬೋರ್ಡ್, ಆರನೇ ಜನರೇಷನ್ ಐ3 ಹಾಕಿಕೊಟ್ಟರು. ಹಾರ್ಡ್ ಡಿಸ್ಕ್ ಹಳೆಯದೇ, ಅದರಲ್ಲಿರುವುದು ವಿಂಡೋಸ್ 7. ಬಯೋಸ್ (ವಿಂಡೋಸ್‌ಗಿಂತ ಮೊದಲು ಬರುವ, ಬೋರ್ಡಿನದೇ ಸೆಟ್ಟಿಂಗ್ ಪರದೆ) ತೋರಿಸಿ, "ಆನ್ ಆಯ್ತು ನೋಡಿ" ಎಂದು ಕಳಿಸಿಬಿಟ್ಟರು.

ಮನೆಗೆ ತಂದು ಆನ್ ಮಾಡಿದರೆ ಮೌಸ್‌ನ ಕೆಂಪು ಲೈಟ್ ಹತ್ತುತ್ತದೆ. ಬಯೋಸ್‌ನಲ್ಲಿ ಕರ್ಸರ್ ಚೆನ್ನಾಗಿಯೇ ಓಡುತ್ತದೆ. ಆದರೆ ವಿಂಡೋಸ್ ಲೋಗೋದ ನಾಲ್ಕು ಬಣ್ಣ ಬಂದು ಕೂಡುವ ಹೊತ್ತಿಗೆ ಲೈಟ್ ಆರಿಹೋಗುತ್ತದೆ. ಪಾಸ್‌ವರ್ಡ್ ಕೇಳುವ ಕಡೆ ಕರ್ಸರ್ ನಡುವೆ ಕೂತದ್ದು ಅಲುಗಾಡುವುದಿಲ್ಲ. ಕೀಬೋರ್ಡ್ ಕೂಡ ಅಷ್ಟೇ, ನಮ್ ಲಾಕ್ ಒತ್ತಿದರೆ ಲೈಟೂ ಬರುವುದಿಲ್ಲ. ಮೂರು ಮೌಸ್ ಬದಲಿಸಿ ನೋಡಿದೆ, ಮೂರೂ ಹಾಗೇ.

ದಯವಿಟ್ಟು ಸುಮ್ನೆ ವಿಂಡೋಸ್ 10 ಹಾಕಿ ಎನ್ನಬೇಡಿ. ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಹದಿನೈದು ವರ್ಷದ ಫೈಲು, ಹಳೇ ನುಡಿ ಫಾಂಟು ಎಲ್ಲ ಅದರಲ್ಲಿವೆ. ಭಾನುವಾರದೊಳಗೆ 300 ಲಗ್ನಪತ್ರಿಕೆ ಕೊಡಬೇಕು. ಹುಡುಗಿಯ ಅಪ್ಪ ದಿನಕ್ಕೆರಡು ಸಲ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದಾರೆ.

ಸ್ಕ್ರೂಡ್ರೈವರ್:
ಕ್ಯಾಬಿನೆಟ್ ಮುಂದಿನ ಪೋರ್ಟಿಗೆ ಹಾಕಿದ್ದೀರಾ? ಅದರ ಒಳಗಿನ ವೈರ್ ತಪ್ಪು ಪಿನ್ನಿಗೆ ಕೂತಿರಬಹುದು. ಹಿಂದುಗಡೆ ಹಾಕಿ ನೋಡಿ. ಬೋರ್ಡ್ ಮೇಲಿನ ಸಿಮೋಸ್ ಬ್ಯಾಟರಿ (ಗಡಿಯಾರ, ಬಯೋಸ್ ಸೆಟ್ಟಿಂಗ್ ಉಳಿಸುವುದು) ತೆಗೆದು 5 ನಿಮಿಷ ಬಿಟ್ಟು ಮತ್ತೆ ಹಾಕಿ.

ಡಿಟಿಪಿ ಅಂಗಡಿ:
ಹಾಕಿರುವುದು ಹಿಂದುಗಡೆಯೇ. ಬ್ಯಾಟರಿಯನ್ನೂ ತೆಗೆದು ಹಾಕಿದೆ. ಗಡಿಯಾರ ಹಿಂದಕ್ಕೆ ಹೋಯಿತು, ಮೌಸ್ ಇದ್ದಲ್ಲೇ ಇದೆ.

ಹಳೇ ಪೆಂಟಿಯಮ್:
ಬ್ಯಾಟರಿ ಗೊಡವೆ ಬಿಡಿ ಸಾರ್. ಬಯೋಸ್‌ನಲ್ಲಿ ಓಡುತ್ತದೆ ಅಂದಿರಲ್ಲ, ಹಾಗಾದರೆ ಮೌಸೂ ಸರಿ, ಪೋರ್ಟೂ ಸರಿ.

ವಿಂಡೋಸ್ 7 ಬಂದದ್ದು 2009ರಲ್ಲಿ. ಅದಕ್ಕೆ ಗೊತ್ತಿರುವುದು ಯುಎಸ್‌ಬಿ 2ರ ಕಾಲದ ಇಎಚ್‌ಸಿಐ ಕಂಟ್ರೋಲರ್, ಅಂದರೆ ಯುಎಸ್‌ಬಿ ಪೋರ್ಟುಗಳನ್ನು ನಡೆಸುವ ಭಾಗ. ನಿಮ್ಮ ಎಚ್61ರಲ್ಲಿ ಅದಿತ್ತು. 2015ರಲ್ಲಿ ಇಂಟೆಲ್ 100 ಸರಣಿಯ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ತಂದಾಗ ಇಎಚ್‌ಸಿಐಯನ್ನು ತೆಗೆದೇಬಿಟ್ಟರು. ಎಚ್110 ಅದೇ ಸರಣಿ. ಕಪ್ಪು ಪೋರ್ಟಿರಲಿ, ನೀಲಿ ಪೋರ್ಟಿರಲಿ, ಚಿಪ್‌ಸೆಟ್‌ನ ಎಲ್ಲ ಯುಎಸ್‌ಬಿಯೂ ಈಗ ಯುಎಸ್‌ಬಿ 3ರ ಕಾಲದ ಎಕ್ಸ್‌ಎಚ್‌ಸಿಐ ಕಂಟ್ರೋಲರ್ ಮೂಲಕ. ಅದರ ಡ್ರೈವರ್, ಅಂದರೆ ಅದನ್ನು ಓಡಿಸುವ ಸಾಫ್ಟ್‌ವೇರ್, ವಿಂಡೋಸ್ 7ರ ಜೊತೆ ಬರುವುದಿಲ್ಲ. ಬಯೋಸ್ ಹತ್ತಿರ ತನ್ನದೇ ಡ್ರೈವರ್ ಇರುತ್ತದೆ. ವಿಂಡೋಸ್ ಬಂದು ಯುಎಸ್‌ಬಿಯನ್ನು ತನ್ನ ಕೈಗೆ ತೆಗೆದುಕೊಂಡ ಕೂಡಲೇ ಮೌಸನ್ನು ಕೇಳುವವರೇ ಇಲ್ಲ.

ಬೋರ್ಡಿನ ಹಿಂದೆ ಹಸಿರೋ ನೇರಳೆಯೋ ಬಣ್ಣದ ದುಂಡನೆಯ ಪೋರ್ಟ್ ಇದೆಯಾ ನೋಡಿ. ಅದು ಪಿಎಸ್2. ಅದಕ್ಕೆ ಯುಎಸ್‌ಬಿ ಡ್ರೈವರ್ ಬೇಕಾಗಿಲ್ಲ. ಯಾರ ಹತ್ತಿರವಾದರೂ ಹಳೇ ಪಿಎಸ್2 ಕೀಬೋರ್ಡ್ ಸಿಕ್ಕರೆ ಸಾಕು. ಕಂಪ್ಯೂಟರ್ ಆಫ್ ಮಾಡಿಯೇ ಹಾಕಿ, ಓಡುವಾಗ ಚುಚ್ಚಿದರೆ ಹಿಡಿಯುವುದಿಲ್ಲ. ಯುಎಸ್‌ಬಿ ಮೌಸಿಗೆ ಹಾಕುವ ಹಸಿರು ಕನೆಕ್ಟರ್ ಇದೆ ಎಂದು ಖುಷಿಪಡಬೇಡಿ, ಎರಡೂ ಬಗೆ ಬಲ್ಲ ಹಳೇ ಮೌಸಿಗೆ ಮಾತ್ರ ಅದು ಉಪಯೋಗ.

ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಆಗದು, ಅದೂ ಯುಎಸ್‌ಬಿಯೇ ಅಲ್ವಾ! ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ. ಬೋರ್ಡ್ ಕಂಪನಿಯ ಸೈಟಿನಿಂದ ವಿಂಡೋಸ್ 7ರ ಇಂಟೆಲ್ ಯುಎಸ್‌ಬಿ 3.0 ಡ್ರೈವರ್ ಇಳಿಸಿ, ಡಿ ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಹೇಗೂ ಬಿಚ್ಚುತ್ತೀರಿ, ಫೈಲುಗಳ ಬ್ಯಾಕಪ್ಪೂ ಆಗಲಿ.

ಕೀಬೋರ್ಡ್ ಒಂದರಲ್ಲೇ ಕಷ್ಟವಾದರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ ಎಂಟರ್ ಹೊಡೆಯಿರಿ. ಬಲಗಡೆಯ ನಂಬರ್ ಕೀಗಳೇ ಮೌಸ್ ಆಗುತ್ತವೆ. 8 ಮೇಲಕ್ಕೆ, 2 ಕೆಳಕ್ಕೆ, 5 ಒತ್ತಿದರೆ ಕ್ಲಿಕ್.

ಇನ್ನೊಂದು. ಯುಪಿಎಸ್ ಉಳಿದೂ ಬೋರ್ಡ್ ಹೋಗಿದೆ ಎಂದರೆ ಸಿಡಿಲು ನೆಟ್ ವೈರಿನಲ್ಲಿ ಬಂದಿರಬಹುದು. ಹಳೇ ಬೋರ್ಡಿನ ಲ್ಯಾನ್ ಪೋರ್ಟ್ ಮೂಸಿ ನೋಡಿ.

ಪೆಂಗ್ವಿನ್:
ಮೇಲಿನವರು ಹೇಳಿದ್ದೇ ಸರಿ. ಆದರೆ ವಿಂಡೋಸ್ 7ಕ್ಕೆ ಸೆಕ್ಯೂರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ನೆಟ್ ವೈರ್ ಕಿತ್ತಿಟ್ಟೇ ಕೆಲಸ ಮಾಡಿ. ಸೀಸನ್ ಮುಗಿದ ಮೇಲೆ ಹೊಸ ವಿಂಡೋಸ್ ಹಾಕಿ, ವರ್ಚುವಲ್‌ಬಾಕ್ಸ್ (ಒಂದು ವಿಂಡೋಸ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಒಳಗೆ 7 ಇಟ್ಟುಕೊಳ್ಳಬಹುದು, ಪೇಜ್‌ಮೇಕರ್ ಅಲ್ಲೇ ಇರಲಿ. ಬೋರ್ಡ್ ಬದಲಾಗಿದೆಯಲ್ಲ, ವಿಂಡೋಸ್ ಮತ್ತೆ ಆ್ಯಕ್ಟಿವೇಟ್ ಮಾಡಿ ಎನ್ನಬಹುದು, ಗಾಬರಿಯಾಗಬೇಡಿ.

ಡಿಟಿಪಿ ಅಂಗಡಿ:
ಆಯಿತು! ಕೀಬೋರ್ಡ್ ಸಿಕ್ಕಿದ್ದು ಭಾವನ ಮನೆಯ ಅಟ್ಟದಲ್ಲಿ, ಅಡಿಕೆ ಚೀಲದ ಹಿಂದೆ. ಕೀಗಳ ಸಂದಿಯಲ್ಲೆಲ್ಲ ಇಲಿ ಹಿಕ್ಕೆ. ಪ್ಲಗ್ಗಿನ ಒಂದು ಪಿನ್ ಬಾಗಿತ್ತು, ಖಾಲಿ ರೀಫಿಲ್ ಒಳಗೆ ಅದನ್ನು ತೂರಿಸಿ ನೆಟ್ಟಗೆ ಮಾಡಿದೆ. ಆಫ್ ಮಾಡಿ ಹಾಕಿ ಆನ್ ಮಾಡಿದೆ, ನಮ್ ಲಾಕ್ ಲೈಟ್ ಬಂತು. ಆ ಹಸಿರು ಚುಕ್ಕಿ ನೋಡಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಡಿಸ್ಕನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹಾಕಿ ಡ್ರೈವರ್ ತುಂಬಿಸಿಕೊಂಡಿದ್ದೆ. ಸೆಟಪ್ ಓಡಿಸುವಾಗ ಒಂದು ಕಡೆ ಟ್ಯಾಬ್ ಒತ್ತಿ ಒತ್ತಿ ದಾರಿ ತಪ್ಪಿತು, ನಂಬರ್ ಕೀ ಉಪಾಯ ಅಲ್ಲಿ ಉಳಿಸಿತು. ಕರ್ಸರ್ ಬಸವನಹುಳುವಿನ ಥರ ಹೋಗುತ್ತದೆ, ಆದರೆ ಹೋಗುತ್ತದೆ. ರೀಸ್ಟಾರ್ಟ್ ಆದ ಮೇಲೆ ಟುಂಕ್ ಎಂದು ಸದ್ದು ಬಂತು, ಮೌಸ್ ಕೆಂಪಗೆ ಹೊಳೆಯಿತು. ಆ್ಯಕ್ಟಿವೇಷನ್ ಕೇಳುತ್ತಿದೆ, ಸೋಮವಾರ ನೋಡುತ್ತೇನೆ.

ಹಳೇ ಬೋರ್ಡ್ ಮೂಸಿದೆ. ಲ್ಯಾನ್ ಪೋರ್ಟಿನ ಹತ್ತಿರ ಸುಟ್ಟ ವಾಸನೆ ಇನ್ನೂ ಇದೆ.

ಪತ್ರಿಕೆ ಈಗ ಪ್ರಿಂಟ್ ಆಗುತ್ತಿದೆ. ಕೀಬೋರ್ಡ್ ಯಾವಾಗ ವಾಪಸ್ ಎಂದು ಭಾವ ಕೇಳಿದರು. ಮಳೆಗಾಲ ಮುಗಿಯಲಿ ಎಂದಿದ್ದೇನೆ.